ಅರ್ಧಕಾರಿ

"ಮಾರಾಟಕ್ಕಿದೆ: ಎರಡು ಸೀಟಿನ ಸ್ಪೋರ್ಟ್ಸ್ ಕಾರು. 90 ಭಾಗ ಕೆಲಸ ಮುಗಿದಿದೆ. ಕಷ್ಟದ್ದೆಲ್ಲ ಆಗಿಹೋಗಿದೆ. ಒಂದೆರಡು ಭಾನುವಾರ ಕೂತರೆ ರಸ್ತೆಗಿಳಿಸಬಹುದು. ಸಮಯವಿಲ್ಲದೆ, ಮನಸ್ಸಿಲ್ಲದ ಮನಸ್ಸಿನಿಂದ ಮಾರುತ್ತಿದ್ದೇನೆ. ಕಾಲಹರಣ ಮಾಡುವವರು ದಯವಿಟ್ಟು ಬರಬೇಡಿ."

ಇಂಗ್ಲೆಂಡಿನಲ್ಲಿ ಇಂಥ ಜಾಹೀರಾತು ಕಂಡರೆ ಕೆಳಗಿನ ಹೆಸರು ಓದುವ ಅಗತ್ಯವಿಲ್ಲ. ಹಾಕಿದವನು ಅರ್ಧಕಾರಿ. ಅಧಿಕಾರಿಗೆ ಇರಬೇಕಾದ ಕುರ್ಚಿ, ದಪ್ಪ ಫೈಲು, "ಮುಂದಿನ ತಿಂಗಳು ನೋಡೋಣ" ಎನ್ನುವ ಮಾತು ಎಲ್ಲವೂ ಇವನಲ್ಲೂ ಉಂಟು. ಕಾರು ಮಾತ್ರ ಅರ್ಧ. ಕಾಲಹರಣ ಮಾಡುವವರು ಬರಬೇಡಿ ಎಂದು ಬರೆಯುವ ಈತ ತಾನೇ ಹತ್ತು ಹದಿನೈದು ವರ್ಷಗಳ ಕಾಲವನ್ನು ಒಂದು ಗ್ಯಾರೇಜಿನಲ್ಲಿ ಹರಣ ಮಾಡಿರುತ್ತಾನೆ. ಇನ್ನೊಬ್ಬ ಪಾಲುದಾರ ಬೇಡ ಎಂಬುದಷ್ಟೇ ಅದರ ಅರ್ಥವಿರಬೇಕು.

ಕಿಟ್ ಕಾರು ಎಂಬುದು ಬ್ರಿಟಿಷರ ಹಳೆಯ ಚಟ. ಕಂಪನಿಯವರು ಚಾಸಿ ಮತ್ತು ಮೇಲಿನ ಬಾಡಿ ಕಳಿಸುತ್ತಾರೆ. ಇಂಜಿನ್ನು, ಗೇರ್‌ಬಾಕ್ಸು, ಚಕ್ರದ ಅಚ್ಚು ಇವನ್ನೆಲ್ಲ ನಾವೇ ಒಂದು ಹಳೆ ಕಾರಿನಿಂದ ಬಿಚ್ಚಿ ತರಬೇಕು. ಮೊದಲು ಫೋರ್ಡ್ ಎಸ್ಕಾರ್ಟು, ಆಮೇಲೆ ಸಿಯೆರಾ, ಈಗ ಮಾಜ್ಡಾ ಎಂಎಕ್ಸ್-5. ಹೀಗೆ ಕರುಳು ಕೊಟ್ಟು ಸಾಯುವ ಕಾರಿಗೆ ಡೋನರ್ ಎನ್ನುತ್ತಾರೆ. ಅಲ್ಲಿನ ಹಳೆಯ ಮನೆಗಳ ಗ್ಯಾರೇಜುಗಳು ಇಕ್ಕಟ್ಟು, ಇಂದಿನ ಕಾರು ಒಳಗೆ ಹೋದರೂ ಬಾಗಿಲು ತೆರೆದು ಇಳಿಯಲಾಗುವುದಿಲ್ಲ. ಹೀಗಾಗಿ ಕಾರು ಬೀದಿಯಲ್ಲಿ ನಿಲ್ಲುತ್ತದೆ, ಗ್ಯಾರೇಜು ಖಾಲಿ ಉಳಿಯುತ್ತದೆ. ಹೊರಗೆ ಮಳೆ, ಒಳಗೆ ಖಾಲಿ ಗ್ಯಾರೇಜು, ನಡುವೆ ನಲವತ್ತು ದಾಟಿದ ಗಂಡಸು. ಕಾಯಿಲೆ ಹಿಡಿಯಲು ಇನ್ನೇನು ಬೇಕು?

ಈ ಕಾಯಿಲೆ ಹಬ್ಬಿಸಿದವರಲ್ಲಿ ಮುಖ್ಯ ಲೋಟಸ್ ಕಂಪನಿಯ ಕಾಲಿನ್ ಚಾಪ್ಮನ್. 1957ರಲ್ಲಿ ಆತ ಹೊರತಂದ ಲೋಟಸ್ ಸೆವೆನ್ ಹಗುರವಾದ, ಬಾಗಿಲು ಮೇಲ್ಛಾವಣಿಗಳ ಉಸಾಬರಿ ಕಡಿಮೆಯಿದ್ದ ಪುಟ್ಟ ಕಾರು. ಆಗ ಪೂರ್ತಿ ಕಾರು ಕೊಂಡರೆ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗ ಕೊಂಡು ಮನೆಯಲ್ಲಿ ಜೋಡಿಸಿದರೆ ಇಲ್ಲ. ಜೋಡಿಸುವ ಕ್ರಮ ಬರೆದುಕೊಟ್ಟರೆ ಅದೂ ಪೂರ್ತಿ ಕಾರಿನ ಲೆಕ್ಕ ಎಂದು ಕಾನೂನು ಅಡ್ಡ ಬಂದಾಗ, ಚಾಪ್ಮನ್ ಕಾರನ್ನು ಬಿಚ್ಚುವ ಕ್ರಮ ಬರೆದುಕೊಟ್ಟು "ಕೊನೆಯಿಂದ ಓದಿಕೊಳ್ಳಿ" ಎಂದನಂತೆ. ಗ್ಯಾರೇಜು ಗ್ಯಾರೇಜಿನಲ್ಲೂ ಇದನ್ನು ಪುರಾಣದಂತೆ ಹೇಳುತ್ತಾರೆ. 1973ರಲ್ಲಿ ವ್ಯಾಟ್ ಬಂದು ಆ ತೆರಿಗೆಯ ಲಾಭ ಮುಗಿಯಿತು. ಅದೇ ವರ್ಷ ಸೆವೆನ್ ಕೇಟರ್‌ಹ್ಯಾಮ್ ಕಂಪನಿಯ ಪಾಲಾಯಿತು. ತೆರಿಗೆ ಹೋದರೂ ಚಟ ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಎಂಬ ಶಾಲಾ ಮೇಷ್ಟ್ರು 250 ಪೌಂಡಿನಷ್ಟು ಕಡಿಮೆ ಖರ್ಚಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆಂದು ಪುಸ್ತಕವನ್ನೇ ಬರೆದರು. ಪುಸ್ತಕ ಬಿಸಿದೋಸೆಯಂತೆ ಖರ್ಚಾಯಿತು. ಮೇಷ್ಟ್ರ ಲೆಕ್ಕ ಮೇಷ್ಟ್ರಿಗೆ ಸರಿಹೋಗಿರಬಹುದು, ಶಿಷ್ಯರಲ್ಲಿ ಅನೇಕರಿಗೆ ಆ ದುಡ್ಡು ವೆಲ್ಡಿಂಗ್ ಮೆಷಿನ್ನಿಗೇ ಸಾಲಲಿಲ್ಲ.

ನಮ್ಮವರೂ ಈ ಪಂಗಡಕ್ಕೆ ಹೊರತಲ್ಲ. ಕವೆಂಟ್ರಿಯಲ್ಲಿ ಧಾರವಾಡದ ಕಡೆಯ ರಾಯರೊಬ್ಬರಿದ್ದಾರೆ. ಹಸಿರು ಬಣ್ಣದ ಸೆವೆನ್ ಮಾದರಿಯ ಕಾರು ಅವರದು. ಮಗ ಹುಟ್ಟಿದ ವರ್ಷ ಚಾಸಿ ತಂದರು. ಮಗನಿಗೆ ಈಗ ಡ್ರೈವಿಂಗ್ ಲೈಸೆನ್ಸು ಬಂದಿದೆ. ಕಾರಿಗೆ ಇನ್ನೂ ನಂಬರು ಬಂದಿಲ್ಲ. ಅದನ್ನು ಕೊಳ್ಳುವ ಆಸೆ ಹತ್ತಿದ ತುಮಕೂರಿನ ಗೆಳೆಯನೊಬ್ಬನ ಜೊತೆ ಹೋಗಿ ರಾಯರ ದರ್ಶನ ಮಾಡಿದ್ದೇನೆ.

"ಬರ್ರಿ ಬರ್ರಿ. ಏನೂ ಉಳದಿಲ್ರೀ. 90 ಪರ್ಸೆಂಟ್ ಆಗ್ಯದ," ಎನ್ನುತ್ತ ಹಳೆಯ ಸೋಲಾಪುರಿ ಚಾದರ ಸರಿಸಿದರು. ಅದರ ಕೆಳಗೆ ಒಂದು ಮೂತಿ, ನಾಲ್ಕು ಚಕ್ರ, ನಡುವೆ ಬಣ್ಣಬಣ್ಣದ ತಂತಿಗಳ ಪೊದೆ. ಊರ ಕಡೆ ಮೇಲಂತಸ್ತಿಗೆಂದು ಕಂಬಿ ಚಾಚಿಕೊಂಡು ವರ್ಷಗಟ್ಟಲೆ ನಿಂತಿರುವ ಮನೆಗಳಿರುತ್ತವಲ್ಲ, ಹಾಗಿತ್ತು. ಗೋಡೆಯುದ್ದಕ್ಕೂ ಐಸ್‌ಕ್ರೀಮ್ ಡಬ್ಬಿಗಳು, ಉಪ್ಪಿನಕಾಯಿ ಬಾಟಲಿಗಳು, ಒಂದೊಂದರಲ್ಲೂ ನಟ್ಟು ಬೋಲ್ಟು, ಒಂದೊಂದರ ಮೇಲೂ ಚೀಟಿ. "ಹಿಂದಿನ ಬ್ರೇಕು", "ಮುಂದಿನ ಲೈಟು". ದೊಡ್ಡದೊಂದರ ಮೇಲೆ ಬರೀ "ಹೆಚ್ಚಾದವು" ಎಂದಿತ್ತು.

ಗೆಳೆಯ ಅದನ್ನೇ ಎತ್ತಿಕೊಂಡ. "ಸಾರ್, ಇಷ್ಟೊಂದು ಬೋಲ್ಟು ಹೆಚ್ಚಾಗಿದೆ ಅಂದ್ರೆ ಎಲ್ಲೋ ಕಡಿಮೆ ಆಗಿರಬೇಕಲ್ವಾ?"

"ಕಂಪನಿಯವ್ರು ಕೈಬಿಚ್ಚಿ ಕೊಡತಾರ್ರೀ," ಎಂದರು ರಾಯರು.

ಗೆಳೆಯ ಸುಮ್ಮನಿರದೆ ಮೂತಿಗೆ ಬೆರಳ ಗೆಣ್ಣಿನಿಂದ ಬಡಿದ. "ಇದು ಪ್ಲಾಸ್ಟಿಕ್ಕಾ ಸಾರ್?" ರಾಯರಿಗೆ ರೇಗಿತು. "ಫೈಬರ್‌ಗ್ಲಾಸ್ ಅದು! ನಿಮ್ಮ ಬೆಂಗಳೂರಾಗ ಸಿಪಾನಿ ಡಾಲ್ಫಿನ್ ಓಡಾಡತಿತ್ತಲ್ಲ, ಅದಕ್ಕೇನು ತಗಡು ಇತ್ತೇನು?" ಮಾತು ಸರಿಯೇ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಸಿಪಾನಿಯವರು ಕಟ್ಟಿದ ಡಾಲ್ಫಿನ್ ಕಾರು ಮೂಲತಃ ಬ್ರಿಟನ್ನಿನ ರಿಲಯಂಟ್ ಕಿಟನ್. ಅದು ಹುಟ್ಟಿದ ಟ್ಯಾಮ್‌ವರ್ತ್ ಊರು ಕವೆಂಟ್ರಿಗೆ ಹತ್ತಿರದ್ದೇ. ಆಗ ನಮ್ಮ ಬೀದಿಯ ಹುಡುಗರೂ ಅದನ್ನು ಬಡಿದು ನೋಡುತ್ತಿದ್ದರು. ಬಡಿದು ನೋಡುವುದು ಕನ್ನಡಿಗರಿಗೆ ರಕ್ತದಲ್ಲೇ ಬಂದಿದೆ.

ಆಮೇಲೆ ಗೆಳೆಯನನ್ನು ಸೀಟಿನಲ್ಲಿ ಕೂರಿಸಿದರು. ಸೀಟು ಎಂದರೆ ಹಲಗೆ, ಅದರ ಮೇಲೆ ಸೋಫಾದ ದಿಂಬು. ಅವನು ಕಣ್ಣರಳಿಸಿ ಸ್ಟೀರಿಂಗ್ ತಿರುಗಿಸಿದ. ಅದು ಬಹಳ ಹಗುರವಾಗಿ ತಿರುಗಿತು. "ಪವರ್ ಸ್ಟೀರಿಂಗಾ ಸಾರ್?" "ಇಲ್ರೀ, ಕೆಳಗ ಇನ್ನೂ ಜೋಡಿಸಿಲ್ಲ." ಇಂಜಿನ್ನು ಚಾಲೂ ಆಗುವುದೇ ಎಂದು ಕೇಳಿದ್ದಕ್ಕೆ ರಾಯರು ಮೊಬೈಲು ತೆಗೆದು 2011ರ ಒಂದು ವಿಡಿಯೋ ತೋರಿಸಿದರು. ಇಂಜಿನ್ನು ಗುರ್ರೆಂದು ಎದ್ದು ನಾಲ್ಕೈದು ಸೆಕೆಂಡು ಕೂಗುತ್ತದೆ. ಅಷ್ಟರಲ್ಲಿ ಹೊಗೆ ತುಂಬಿ "ಅಯ್ಯ, ಕೂಸು ಮಲಗ್ಯದ, ಬಂದ್ ಮಾಡ್ರೀ!" ಎಂಬ ಹೆಂಗಸಿನ ಕೂಗು. ಅಲ್ಲಿಗೆ ಬಂದ್. ಬಂದವರಿಗೆಲ್ಲ ಅವರು ಇದನ್ನು ಮದುವೆ ವಿಡಿಯೋಗಿಂತ ಹೆಚ್ಚಿನ ಅಕ್ಕರೆಯಿಂದ ತೋರಿಸುತ್ತಾರೆ.

ಉಳಿದ 10 ಭಾಗ ಯಾವುದು ಎಂದು ಅರ್ಧಕಾರಿಯನ್ನು ಕೇಳಬಾರದು. ಕೇಳಿದರೆ "ವೈರಿಂಗ್ ಅಷ್ಟ, ಆಮ್ಯಾಲೆ ಪರೀಕ್ಷೆ ಅಷ್ಟ" ಎನ್ನುತ್ತಾನೆ. ರಾವಣನನ್ನು ಕೊಲ್ಲುವುದೊಂದು ಬಿಟ್ಟು ಯುದ್ಧಕಾಂಡ ಮುಗಿದಿದೆ ಎಂದಹಾಗೆ. ಮನೆಯಲ್ಲಿ ಕಟ್ಟಿದ ಕಾರನ್ನು ಸರ್ಕಾರ ಒಂದೊಂದಾಗಿ ಪರೀಕ್ಷೆ ಮಾಡುತ್ತದೆ. 1998ರಲ್ಲಿ ಎಸ್‌ವಿಎ ಎಂಬ ಹೆಸರಲ್ಲಿ ಬಂದದ್ದು 2009ರಿಂದ ಐವಿಎ ಎನಿಸಿ ಇನ್ನಷ್ಟು ಬಿಗಿಯಾಯಿತು. ಪರೀಕ್ಷಕನ ಕೈಯಲ್ಲಿ 100 ಮಿಲಿಮೀಟರ್ ಅಡ್ಡಳತೆಯ ಗೋಲವಿರುತ್ತದೆ. ಕಾರಿನ ಹೊರಮೈಯಲ್ಲಿ ಆ ಗೋಲಕ್ಕೆ ತಾಗುವ ಅಂಚುಗಳು ಕನಿಷ್ಠ 2.5 ಮಿಲಿಮೀಟರ್‌ನಷ್ಟಾದರೂ ದುಂಡಗಿರಬೇಕು. ದಾರಿಹೋಕರಿಗೆ ತಾಗಿದರೆ ಗಾಯವಾಗಬಾರದು ಎಂಬ ಸದುದ್ದೇಶ. ಹಾಗಾಗಿ ಕಂಡ ಕಂಡ ಬೋಲ್ಟಿಗೆ ಪ್ಲಾಸ್ಟಿಕ್ ಟೋಪಿ, ಅಂಚಂಚಿಗೆ ರಬ್ಬರು. ಪಾಸಾದ ದಿನ ಸಂಜೆಯೇ ಅವನ್ನೆಲ್ಲ ಕಿತ್ತುಹಾಕುವ ಮಹಾನುಭಾವರೂ ಇದ್ದಾರೆ. ನಾನಂತೂ ಪರೀಕ್ಷಕನ ಕಡೆಯವನು: ಸೋಫಾದ ದಿಂಬಿನ ಮೇಲೆ ಕೂತು ಅಪ್ಪ ಕಟ್ಟಿದ ಕಾರು ಓಡಿಸಲಿರುವ ಹುಡುಗನಿಗಾಗಿ ಯಾರಾದರೂ ಒಬ್ಬರು ಗೋಲ ಹಿಡಿದು ನಿಲ್ಲಲೇಬೇಕು.

ಗೋಲ ದಾಟಿದರೆ ಕಾಗದ. ಡೋನರ್ ಕಾರಿನ ನೋಂದಣಿ ಪುಸ್ತಕ ಎಲ್ಲಿ, ಇಂಜಿನ್ನು ಯಾರಿಂದ ಬಂತು, ನೀನೇ ಕಟ್ಟಿದ್ದಕ್ಕೆ ಫೋಟೋ ಎಲ್ಲಿ, ರಸೀದಿ ಎಲ್ಲಿ? ವಂಶಾವಳಿ ಸರಿಯಿಲ್ಲದ ಕಾರಿಗೆ "ಕ್ಯೂ" ಅಕ್ಷರದ ನಂಬರು ಸಿಗುತ್ತದೆ. ಜಾತಕ ಕಳೆದುಹೋದದ್ದನ್ನು ಹಣೆಯ ಮೇಲೆ ಬರೆದುಕೊಂಡು ತಿರುಗಿದಂತೆ ಎಂದು ಅರ್ಧಕಾರಿಗಳು ಅದಕ್ಕೆ ಹೆದರುತ್ತಾರೆ. ಅದಕ್ಕೇ ರಾಯರ ಫೈಲು ಅಷ್ಟು ದಪ್ಪ. ಒಂದೊಂದು ವಾಷರಿಗೂ ರಸೀದಿ ಇಟ್ಟಿದ್ದಾರೆ. ಒಟ್ಟು ಮೊತ್ತ ಮಾತ್ರ ಎಲ್ಲೂ ಕೂಡಿಸಿಲ್ಲ. ಕೆಲವು ದೊಡ್ಡ ರಸೀದಿಗಳು "ಮಗನ ಶಾಲೆ" ಎಂದು ಬರೆದ ಇನ್ನೊಂದು ಫೈಲಿನಲ್ಲಿವೆ. ಕಾರಣ ಕೇಳುವುದು ಸಭ್ಯತೆಯಲ್ಲ.

ಬೆಲೆಯ ಮಾತಿಗೆ ಬಂದಾಗ ಅರ್ಧಕಾರಿ ಬೇರೆಯೇ ಮನುಷ್ಯ. ನಂಬರು ಬಿದ್ದು ಓಡುವ ಪೂರ್ತಿ ಕಾರಿಗೆ ಒಂದು ಬೆಲೆಯುಂಟು. ಎಲ್ಲ ಬಿಚ್ಚಿ ಇಂಜಿನ್ನು, ಚಕ್ರ, ಲೈಟು ಬೇರೆ ಬೇರೆ ಮಾರಿದರೂ ಒಂದು ಬೆಲೆಯುಂಟು. ನಡುವೆ ನಿಂತದ್ದಕ್ಕೆ ಬಹಳ ಸಲ ಈ ಎರಡಕ್ಕಿಂತಲೂ ಕಡಿಮೆ. ಇದರಲ್ಲಿ ಅನ್ಯಾಯವೇನೂ ಇಲ್ಲ: ಇನ್ನೊಬ್ಬ ಬಿಗಿದ ಬೋಲ್ಟನ್ನು ನಂಬಿ ಯಾರೂ ಹೆದ್ದಾರಿಗೆ ಇಳಿಯಲಾರರು, ಕೊಂಡವನು ಮೊದಲು ಎಲ್ಲವನ್ನೂ ಬಿಚ್ಚಬೇಕು. ಆದರೆ ಹೀಗೆಂದು ಅರ್ಧಕಾರಿಗೆ ಹೇಳಿ ನೋಡಿ! "ನನ್ನ ಮೈಮುರದ ದುಡಿಮಿಗೆ ರೊಕ್ಕ ಹಿಡದೇ ಇಲ್ರೀ, ಬರೇ ಸಾಮಾನಿನ ಖರ್ಚು ಕೊಡ್ರಿ," ಎಂದು ರಾಯರು ಒಂದು ಅಂಕಿ ಹೇಳಿದರು. ಗೆಳೆಯ ಅದರ ಮೂರನೆಯ ಒಂದು ಭಾಗ ಹೇಳಿದ. ಇಬ್ಬರೂ ಚಾ ಕುಡಿದರು. ಮಾತು ನಿಧಾನವಾಗಿ ಅರ್ಧಕ್ಕೆ ಬಂತು. ಇನ್ನೇನು ಕೈಕುಲುಕಬೇಕು, ಅಷ್ಟರಲ್ಲಿ ಗೆಳೆಯ ಖುಷಿಯಲ್ಲಿ ಬಾಯಿಬಿಟ್ಟ: "ಇಂಜಿನ್ ತೆಗೆದು ಬ್ಯಾಟರಿ ಹಾಕಿ ಎಲೆಕ್ಟ್ರಿಕ್ ಮಾಡಿಬಿಡ್ತೀನಿ ಸಾರ್!"

ರಾಯರು ಎದ್ದು ಚಾದರ ಹೊದಿಸಿದರು. "ಇನ್ನೊಬ್ರು ಕೇಳ್ಯಾರ. ವಿಚಾರ ಮಾಡಿ ಹೇಳತೀನಿ."

ಬಾಗಿಲವರೆಗೆ ಕಳಿಸಲು ಬಂದ ಅವರ ಶ್ರೀಮತಿಯವರು ಮೆಲ್ಲಗೆ ಹೇಳಿದರು: "ಯಾರೂ ಕೇಳಿಲ್ರೀ. ಹ್ವಾದ ಸಲ ಒಬ್ಬಾಂವ ರೊಕ್ಕ ಕಿಸೇದಾಗ ಇಟಗೊಂಡ ಬಂದಿದ್ದ. ಹಳದಿ ಬಣ್ಣ ಹಚ್ಚತೀನಿ ಅಂದ. ಅವಂಗೂ ಹಿಂಗ ಅಂದ್ರು. ಇವರು ಮಾರೂದಿಲ್ಲ. ಜಾಹೀರಾತು ಹಾಕಿದ್ರ ನನ್ನ ಬಾಯಿ ಮುಚ್ಚತದ, ಅದಕ್ಕ ಹಾಕತಾರ."

ಆ ತಾಯಿ ಹೇಳಿದ್ದಕ್ಕಿಂತ ಹೆಚ್ಚಿನ ಸಂಶೋಧನೆ ಈ ವಿಷಯದಲ್ಲಿ ಆಗಬೇಕಿಲ್ಲ. ಅರ್ಧಕಾರಿಗೆ ಕಾರು ಮುಗಿಸುವುದೂ ಬೇಡ, ಬಿಡುವುದೂ ಬೇಡ. ಮುಗಿದರೆ ಶನಿವಾರ ಗ್ಯಾರೇಜಿಗೆ ಹೋಗಲು ನೆಪವಿಲ್ಲ, ಮಾರಿದರೆ ಗ್ಯಾರೇಜನ್ನೇ ಹೆಂಡತಿ ಕೇಳುತ್ತಾಳೆ. ಜಾಹೀರಾತು ಮಾರಾಟಕ್ಕಲ್ಲ, ಶಾಂತಿಗೆ. ವರ್ಷವರ್ಷವೂ ಇಂಗ್ಲೆಂಡಿನಲ್ಲಿ ಕಿಟ್ ಕಾರುಗಳ ದೊಡ್ಡ ಮೇಳ ನಡೆಯುತ್ತದೆ. ಪೂರ್ತಿ ಕಟ್ಟಿ, ನಂಬರು ಪಡೆದು, ಓಡಿಸಿಕೊಂಡೇ ಬಂದವರು ಅಲ್ಲಿ ಸಾಲುಗಟ್ಟಿ ನಿಂತಿರುತ್ತಾರೆ. ರಾಯರೂ ತಪ್ಪದೆ ಹೋಗುತ್ತಾರೆ, ರೈಲಿನಲ್ಲೋ ಬಸ್ಸಿನಲ್ಲೋ. ಮುಗಿಸಿದವರನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೆ. "ಅವಸರದಾಗ ಮಾಡ್ಯಾರ" ಎಂದು ಮೂಗು ಮುರಿದು, ಹಳೆ ಸಾಮಾನಿನ ಅಂಗಡಿಯಲ್ಲಿ ಇನ್ನೊಂದು ಕಾರ್ಬ್ಯುರೇಟರ್ ಕೊಂಡು, ಅಂಗಿಯೊಳಗೆ ಮುಚ್ಚಿಕೊಂಡು ಮನೆಗೆ ಬರುತ್ತಾರೆ.

ಅಪ್ಪಿತಪ್ಪಿ ಒಬ್ಬ ಅರ್ಧಕಾರಿ ನಿಜಕ್ಕೂ ಮಾರಿದನೆನ್ನಿ. ಕೊಂಡವನು ಮೊದಲು ಮಾಡುವ ಕೆಲಸ ಹಳಬನ ವೈರಿಂಗ್ ಕಿತ್ತೆಸೆಯುವುದು. "ಯಾವ ಕತ್ತೆ ಮಾಡಿದ್ದೋ" ಎನ್ನುತ್ತ 90ಕ್ಕೆ ಬಂದ ಕಾರನ್ನು 60ಕ್ಕೆ ಇಳಿಸುತ್ತಾನೆ. ಕೆಲವು ಚಳಿಗಾಲ ದುಡಿದು ಅದನ್ನು 70ಕ್ಕೆ ತರುವಷ್ಟರಲ್ಲಿ ಅವನಿಗೂ ಮಗು ಹುಟ್ಟುತ್ತದೆ, ಬೆನ್ನು ನೋಯುತ್ತದೆ, ಸಮಯ ಸಾಲುವುದಿಲ್ಲ. ಜಾಹೀರಾತು ಬರೆಯುವಾಗ ಅದು ಮತ್ತೆ 90. ಹೀಗೆ ನಾಲ್ಕೈದು ಗ್ಯಾರೇಜು ಸುತ್ತಿದ ಕಾರುಗಳಿವೆ. ದೇಶವೆಲ್ಲ ತಿರುಗಿವೆ, ಎಲ್ಲವೂ ಟ್ರೇಲರಿನ ಮೇಲೆ.

ರಾಯರ ಕಾರು ಈಗಲೂ ಮಾರಾಟಕ್ಕಿದೆ. ಕವೆಂಟ್ರಿ ಕಡೆಗೆ ಹೋಗುವ ಕನ್ನಡಿಗರಲ್ಲಿ ಯಾರಿಗಾದರೂ ಆಸೆಯಿದ್ದರೆ ಬೆಲೆ ಕೇಳುವ ಮೊದಲು ಡೋನರ್ ಕಾರಿನ ನೋಂದಣಿ ಪುಸ್ತಕ ಮತ್ತು ರಸೀದಿಯ ಫೈಲು, ಎರಡೂ ಫೈಲು, ಕೇಳಿ ನೋಡಿ. ಬಣ್ಣದ ಮಾತು, ಬ್ಯಾಟರಿಯ ಮಾತು ಎತ್ತಬೇಡಿ. "ಹಂಗ ಹೊಡಕೊಂಡ ಹೋಗ್ರೀ" ಎಂದು ಅವರು ಉಪಚಾರಕ್ಕೆ ಹೇಳಿದರೆ ನಂಬಬೇಡಿ. ನೋಂದಣಿಯಾಗದ ಕಾರನ್ನು ಅಲ್ಲಿ ರಸ್ತೆಗೆ ತರುವಂತಿಲ್ಲ. ವಿಮೆ ಮಾಡಿಸಿ, ಗೊತ್ತುಮಾಡಿದ ದಿನ ಪರೀಕ್ಷೆಗೆ ಹೋಗಿಬರಬಹುದು, ಅಷ್ಟೆ. ಟ್ರೇಲರ್ ತೆಗೆದುಕೊಂಡೇ ಹೋಗಿ. ಬರುವಾಗ ಅದು ಖಾಲಿಯಾಗಿಯೇ ಬರುತ್ತದೆ, ಆದರೆ ಚಾ ಮಾತ್ರ ಬಹಳ ಚೆನ್ನಾಗಿರುತ್ತದೆ.