ಒಂದು ಲೋಡು ಜಲ್ಲಿ, ಅರ್ಧ ಬೀದಿ

ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸುವವರ ಎಸ್ಟಿಮೇಟನ್ನು ಬಿಡುವಾದಾಗ ಒಮ್ಮೆ ಓದಬೇಕು. ಏನು ಅಚ್ಚುಕಟ್ಟು! ಪಾಯಕ್ಕೆ ಇಷ್ಟು, ಸಂಪಿಗೆ ಇಷ್ಟು, ಕಬ್ಬಿಣಕ್ಕೆ ಇಷ್ಟು, ಸೆಂಟ್ರಿಂಗಿಗೆ ಇಷ್ಟು, ತೇಗದ ಬಾಗಿಲಿಗೆ ಇಷ್ಟು, ಆ ಬಾಗಿಲಲ್ಲಿ ಕೆತ್ತುವ ಗಜಲಕ್ಷ್ಮಿಗೆ ಇಷ್ಟು. ಗುದ್ದಲಿ ಪೂಜೆಯ ದಕ್ಷಿಣೆ, ಮೋಲ್ಡ್ ಹಾಕಿದ ದಿನ ಕೆಲಸದವರಿಗೆ ಬಿರಿಯಾನಿ, ದೃಷ್ಟಿಗೊಂಬೆ, ಬೂದುಗುಂಬಳಕಾಯಿ ಎಲ್ಲಕ್ಕೂ ಲೆಕ್ಕ ಉಂಟು. ಲೆಕ್ಕದಲ್ಲಿ ಇಲ್ಲದೆ ದುಡಿಯುವುದು ಒಂದೇ ಒಂದು, ಮನೆಯ ಮುಂದಿನ ರಸ್ತೆ. ಜಲ್ಲಿಯ ಗೋಡೌನು ಅದು, ಮರಳು ಜರಡಿ ಹಿಡಿಯುವ ಅಂಗಳ ಅದು, ಕಂಬಿ ಬಗ್ಗಿಸುವ ಕಾರ್ಖಾನೆ ಅದು, ಟೈಲ್ಸ್ ಕೊಯ್ಯುವ ವರ್ಕ್‌ಶಾಪು ಅದು, ಕಾಂಕ್ರೀಟು ಕಲಸುವ ಬೋಗುಣಿಯೂ ಅದೇ.

ಬಿಟ್ಟಿ ಎನ್ನುವಂತಿಲ್ಲ ಮತ್ತೆ. ಬೆಂಗಳೂರಿನಲ್ಲಿ ಪ್ಲಾನ್ ಸ್ಯಾಂಕ್ಷನ್‌ಗೆ ಕಟ್ಟಬೇಕಾದ ಹಣದ ಪಟ್ಟಿಯಲ್ಲಿ ‘ಗ್ರೌಂಡ್ ರೆಂಟ್’ ಎಂಬ ಬಾಬತ್ತೊಂದಿದೆ. ಸಾಮಾನನ್ನು ಸಾರ್ವಜನಿಕ ಜಾಗದಲ್ಲಿ ಇಟ್ಟುಕೊಳ್ಳುವುದಕ್ಕೆಂದು ವಸೂಲು ಮಾಡುವ ದುಡ್ಡು ಅದು. ಅದರ ಸಾಧುತ್ವದ ಬಗ್ಗೆ ಹೈಕೋರ್ಟಿನ ತನಕ ಜಗಳ ಹೋಗಿದೆ, ಆ ಕಥೆ ವಕೀಲರಿಗಿರಲಿ. ನಮ್ಮಂಥವರ ಕಷ್ಟವೇನೆಂದರೆ, ಅಂಥದೊಂದು ರಸೀತಿ ಎದುರುಮನೆ ಯಜಮಾನರ ಜೇಬಿಗೆ ಬಿತ್ತೆಂದರೆ ರಸ್ತೆಯ ಕ್ರಯಪತ್ರವೇ ರಿಜಿಸ್ಟರ್ ಆದ ಹಾಗೆ.

“ಸಾರ್, ಜಲ್ಲಿ ಸ್ವಲ್ಪ ಪಕ್ಕಕ್ಕೆ ಎಳೆಸ್ತೀರಾ? ಸ್ಕೂಟರ್ ತೆಗೆಯೋಕಾಗ್ತಿಲ್ಲ.”

“ದುಡ್ಡು ಕಟ್ಟಿದ್ದೀವಲ್ಲ ಸಾರ್!”

ನೀವೂ ಮನೆ ಕಂದಾಯ ಕಟ್ಟಿದ್ದೀರಿ, ಗಾಡಿಗೆ ರಸ್ತೆ ತೆರಿಗೆ ಕಟ್ಟಿದ್ದೀರಿ. ಆದರೆ ಬೆಳಿಗ್ಗೆ ಎಂಟೂವರೆಗೆ, ಮಗುವನ್ನು ಸ್ಕೂಲಿಗೆ ಬಿಡಬೇಕಾದ ಹೊತ್ತಿನಲ್ಲಿ, ಅದೆಲ್ಲ ಬಾಯಿಗೆ ಬರುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಅವರ ಮೇಲೆ ಪೂರ್ತಿ ಸಿಟ್ಟಾಗುವುದೂ ಕಷ್ಟ. ಇರುವುದು 1,200 ಚದರ ಅಡಿ. ಕಟ್ಟುವುದು ಗೋಡೆಗೆ ಗೋಡೆ ತಾಗಿಸಿ. ಸೆಟ್‌ಬ್ಯಾಕ್ ಎಂಬುದು ನಕ್ಷೆಯಲ್ಲಿ ಗೆರೆಯಾಗಿ ಹುಟ್ಟಿ ನಕ್ಷೆಯಲ್ಲೇ ತೀರಿಕೊಳ್ಳುತ್ತದೆ. ಗೇಟಿನ ಹಿಂದೆಯೇ ಸಂಪಿನ ಹೊಂಡ, ಹೊಂಡದಿಂದ ಬಂದ ಮಣ್ಣು ಹೋಗಬೇಕಾದದ್ದೆಲ್ಲಿಗೆ? ಬೀದಿಗೇ. ಲಾರಿಯವನು ಅರ್ಧ ಲೋಡು ತರುವುದಿಲ್ಲ, ತಂದರೆ ಬಾಡಿಗೆ ಗಿಟ್ಟುವುದಿಲ್ಲ. ಹೀಗಾಗಿ ಮೊದಲ ಮಹಡಿಯ ಪ್ಲಾಸ್ಟರಿಂಗಿಗೆ ಬೇಕಾದ ಮರಳು ಪಾಯ ಏಳುವ ಮುಂಚೆಯೇ ಬಂದು ಬೀದಿಯಲ್ಲಿ ಬಿಡಾರ ಹೂಡುತ್ತದೆ.

ಬಂದ ಮರಳಿಗೆ ತನ್ನದೇ ಸಂಸಾರ. ಬೀದಿನಾಯಿ ಮರಿ ಹಾಕುವುದು ಅಲ್ಲಿ, ಬೆಕ್ಕುಗಳ ಪಾಯಿಖಾನೆ ಅಲ್ಲಿ. ವಾಕಿಂಗ್ ಹೊರಟ ನಿವೃತ್ತರು ನಿಂತು ಒಂದು ಹಿಡಿ ಎತ್ತಿ, ಬೆರಳಲ್ಲಿ ಉಜ್ಜಿ, “ಡಸ್ಟ್ ಜಾಸ್ತಿ ಇದೆ, ಮೋಸ ಹೋದ್ರು” ಎಂದು ತೀರ್ಪು ಕೊಡುವುದೂ ಅಲ್ಲೇ. ಹೊಳೆಮರಳಿನ ಕಾಲದಲ್ಲಿ ಮಕ್ಕಳಿಗೆ ಕಪ್ಪೆಚಿಪ್ಪಾದರೂ ಸಿಗುತ್ತಿತ್ತು. ಈಗಿನದು ಕಲ್ಲು ಅರೆದು ಮಾಡಿದ ಎಂ-ಸ್ಯಾಂಡು. ಅದರಲ್ಲಿ ಸಿಗುವುದು ಕೆಮ್ಮು ಮಾತ್ರ. ಡಾಂಬರಿನ ಮೇಲೆ ಅದು ತೆಳ್ಳಗೆ ಹರಡಿಕೊಂಡಿತೆಂದರೆ ತಿರುವಿನಲ್ಲಿ ಬರುವ ದ್ವಿಚಕ್ರ ಸವಾರ ನಮಸ್ಕಾರ ಮಾಡಿಯೇ ಮುಂದೆ ಹೋಗಬೇಕು. ಕೆಲವರು ದೀರ್ಘದಂಡ ಹಾಕುವುದುಂಟು.

ಆಮೇಲೆ ಮಳೆ. ರಾಶಿಯ ಅರ್ಧ ಚರಂಡಿಗೆ ಇಳಿಯುತ್ತದೆ. ಹಿಂದೆಯೇ ಬಾಣಲಿ, ಸನಿಕೆ, ಮಿಕ್ಸರ್ ತೊಳೆದ ಸಿಮೆಂಟು ನೀರು. ಸಿಮೆಂಟಿಗೆ ತಾನು ಎಲ್ಲಿದ್ದೇನೆಂಬ ಪರಿವೆ ಇಲ್ಲ. ಕಂಬದೊಳಗಿದ್ದರೂ ಅಷ್ಟೆ, ಮೋರಿಯೊಳಗಿದ್ದರೂ ಅಷ್ಟೆ, ತನ್ನ ಕೆಲಸ ಬಿಡುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟು ಗಟ್ಟಿಯಾಗಲು ತೊಡಗುವುದಕ್ಕೆ 30 ನಿಮಿಷಕ್ಕಿಂತ ಕಡಿಮೆ ಹಿಡಿಯಬಾರದು, ಪೂರ್ತಿ ಬಿಗಿಯುವುದಕ್ಕೆ 10 ಗಂಟೆಗಿಂತ ಹೆಚ್ಚು ಹಿಡಿಯಬಾರದು. ಸಂಜೆ ಮೋರಿಗೆ ಚೆಲ್ಲಿದ್ದು ಬೆಳಿಗ್ಗೆ ಕಾಫಿಯ ಹೊತ್ತಿಗೆ ಕಲ್ಲು. ಮೋರಿ ಕಟ್ಟಿಕೊಂಡ ಮೇಲೆ ನೀರಿಗೆ ರಸ್ತೆಯೇ ಗತಿ. ಡಾಂಬರು ಬಿಸಿಲು ತಡೆದೀತು, ನಿಂತ ನೀರನ್ನು ತಡೆಯುವುದಿಲ್ಲ. ಜಲ್ಲಿಗೂ ಟಾರಿಗೂ ನಡುವೆ ನೀರು ನುಗ್ಗಿ ಅವೆರಡರ ದಾಂಪತ್ಯ ಬಿಡಿಸುತ್ತದೆ. ಮೇಲೊಂದು ಚಕ್ರ ಹೋದರೆ ಒಂದೊಂದೇ ಕಲ್ಲು ಎದ್ದು ಬರುತ್ತದೆ. ಅಲ್ಲಿಗೆ ಗುಂಡಿ ಸಿದ್ಧ. ಆ ಗುಂಡಿಯ ಫೋಟೊ ತೆಗೆದು, “ಏನ್ರೀ ಈ ಸರಕಾರ!” ಎಂದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಮೊದಲು ಹಾಕುವವರು ಯಾರೆಂದು ಬೇರೆ ಹೇಳಬೇಕೆ?

ಮೋಲ್ಡಿನ ದಿನ ಡಾಂಬರಿನ ಮೇಲೇ ಕಲಸಿ ಉಳಿದ ಕಾಂಕ್ರೀಟಿನ ಉಂಡೆಯೊಂದು ಅಲ್ಲೇ ಒಣಗಿ ಹಂಪ್ ಆಗುತ್ತದೆ. ಸರಕಾರದ ಹಂಪಿಗಾದರೂ ಯಾವಾಗಲೋ ಒಮ್ಮೆ ಬಿಳಿಪಟ್ಟೆ ಭಾಗ್ಯವುಂಟು. ಇದು ಜನ್ಮಾಂತರ ಅಲ್ಲೇ ಕೂತು, ಕತ್ತಲಲ್ಲಿ ಬಂದವರ ಸೊಂಟದ ಡಿಸ್ಕು ಎಣಿಸುತ್ತಿರುತ್ತದೆ. ಇನ್ನು ಕ್ಯೂರಿಂಗ್. ಕನಿಷ್ಠ ಏಳು ದಿನ ಕಾಂಕ್ರೀಟು ಒದ್ದೆಯಾಗಿರಬೇಕು, ಸರಿ. ಅದರ ಜೊತೆ ಬೀದಿಯೂ ಒದ್ದೆಯಾಗಿರಬೇಕೆಂದು ಯಾವ ಎಂಜಿನಿಯರೂ ಬರೆದಿಲ್ಲ. 2024ರ ಮಾರ್ಚ್‌ನಲ್ಲಿ ನೀರಿಗೆ ತತ್ವಾರ ಬಂದು, ಕಟ್ಟಡಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ ಮೇಲೆ ಕೆಲವು ಪೈಪುಗಳು ರಾತ್ರಿಪಾಳಿಗೆ ಬದಲಾದವು.

ರೆಡಿಮಿಕ್ಸ್ ತರಿಸಿದರೆ ಈ ರಗಳೆಯಿಲ್ಲ ಎನ್ನುವವರುಂಟು. ರಗಳೆ ಇರುತ್ತದೆ, ಟನ್ನಿನ ಲೆಕ್ಕದಲ್ಲಿ ಇರುತ್ತದೆ. ಒಂದು ಘನ ಮೀಟರು ಕಾಂಕ್ರೀಟಿಗೆ ಸುಮಾರು 2.4 ಟನ್ ತೂಕ. ಆರು ಘನ ಮೀಟರಿನ ಡ್ರಮ್ಮು ತುಂಬಿತೆಂದರೆ ಒಳಗಿನ ಮಾಲೇ 14 ಟನ್ ದಾಟಿತು, ಗಾಡಿಯ ತೂಕ ಬೇರೆ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬಲ್ಲಿ 1958ರಿಂದ 1960ರವರೆಗೆ ಬೇಕೆಂದೇ ರಸ್ತೆ ಮಾಡಿ, ಬೇಕೆಂದೇ ಲಾರಿ ಓಡಿಸಿ, ಬೇಕೆಂದೇ ಅದನ್ನು ಹಾಳುಮಾಡಿ ನೋಡಿದರು. ನಾವು ಅದನ್ನು ಯಾವ ಪ್ರಯೋಗವೂ ಇಲ್ಲದೆ ಮಾಡುತ್ತೇವೆ, ಇರಲಿ. ಅಲ್ಲಿ ಕಂಡುಬಂದದ್ದು: ಆ್ಯಕ್ಸಲ್ಲಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಯ ಸವೆತ ಎರಡರಷ್ಟಲ್ಲ, ಹೆಚ್ಚುಕಡಿಮೆ ಹದಿನಾರರಷ್ಟು. ಭಾರ ಹತ್ತರಷ್ಟಾದರೆ ಸವೆತ ಹತ್ತು ಸಾವಿರದಷ್ಟು! ನಮ್ಮ ದೇಶದಲ್ಲಿ ನಾಲ್ಕು ಟೈರಿನ ಒಂದು ಆ್ಯಕ್ಸಲ್ ಹೊರಬಹುದಾದ ಭಾರವನ್ನು 2018ರಲ್ಲಿ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿದರು. ಹಾಲಿನ ವ್ಯಾನು, ತರಕಾರಿ ಗಾಡಿ, ಶಾಲೆಯ ಆಟೋಗಳಿಗೆಂದು ಹಾಕಿದ ಅಡ್ಡರಸ್ತೆಯ ಡಾಂಬರಿಗೆ ಆ ಆದೇಶದ ಪ್ರತಿ ತಲುಪಿದಂತಿಲ್ಲ. ಗಾಡಿ ರಿವರ್ಸ್ ಬರುವಾಗ ಚರಂಡಿಯ ಚಪ್ಪಡಿ ‘ಟಪ್’ ಎಂದು ಎರಡು ಹೋಳು. ಡ್ರೈವರ್ ಇಳಿದು ನೋಡಿ, ತಲೆ ಕೆರೆದು, ಹತ್ತಿ ಹೋಗುತ್ತಾನೆ. ಮೇಸ್ತ್ರಿ ಹೊಂಗೆಮರದ ಕೊಂಬೆಯೊಂದನ್ನು ಮುರಿದು ಆ ಬಿಲದಲ್ಲಿ ನೆಡುತ್ತಾನೆ. ನಮ್ಮ ಊರಿನ ಅತ್ಯುನ್ನತ ಸುರಕ್ಷತಾ ಕ್ರಮ ಅದು. ಒಣಗಿದರೆ ಬದಲಾಯಿಸುವುದೂ ಉಂಟು.

ಮನೆ ಎದ್ದ ಮೇಲೆ ಅಗೆತದ ಸಡಗರ. ನೀರಿನ ಸಂಪರ್ಕಕ್ಕೆ ಒಂದು ಸಲ, ಒಳಚರಂಡಿಗೆ ಒಂದು ಸಲ, ಕರೆಂಟಿನ ಕೇಬಲ್ಲಿಗೆ ಒಂದು ಸಲ, ಗ್ಯಾಸಿಗೆ ಒಂದು ಸಲ, ಇಂಟರ್‌ನೆಟ್ಟಿಗೆ ಒಂದು ಸಲ. ಹೊಸ ಡಾಂಬರಿನ ವಾಸನೆ ಇವರಿಗೆಲ್ಲ ಅದು ಹೇಗೆ ತಲುಪುತ್ತದೋ! ಅಗೆದ ಮಣ್ಣನ್ನು ಒಂದೇ ಏಟಿಗೆ ಒಳಗೆ ತಳ್ಳಿ, ಕಾಲಲ್ಲಿ ನಾಲ್ಕು ತುಳಿದು, ಮೇಲೊಂದು ಗೋಪುರ ಮಾಡಿ ಹೋಗುತ್ತಾರೆ. ಪದರಪದರವಾಗಿ ತುಂಬಿ ಪ್ರತಿ ಪದರವನ್ನೂ ದಮ್ಮಸು ಮಾಡಬೇಕೆಂಬುದು ಪುಸ್ತಕದಲ್ಲಿರುತ್ತದೆ. ಮೊದಲ ಮಳೆಗೆ ಗೋಪುರ ಕುಸಿದು ಕಾಲುವೆಯಾಗುತ್ತದೆ. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಹೆಸರಿನಲ್ಲಿ ಫುಟ್‌ಪಾತಿನ ಕೆಳಗೇ ಕೊಳವೆಗಳಿಗೂ ಕೇಬಲ್ಲುಗಳಿಗೂ ದಾರಿ ಮಾಡಿಟ್ಟರು, ರಸ್ತೆ ಸೀಳಬೇಕಾಗಿಲ್ಲ. ಅದನ್ನು ನೋಡಿಕೊಂಡು ಬರಲು ನಮ್ಮ ಅಡ್ಡರಸ್ತೆಯವರು ಬಸ್ಸು ಹತ್ತಿ ಹೋಗಬೇಕು.

ಕಾನೂನಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಹಳ ಹಳೆಯದೊಂದು ನಮ್ಮ ಮೈಸೂರಿನಲ್ಲೇ ಸಿಕ್ಕಿತು. ತಂಜಾವೂರು ಕಡೆಯ ಪಂಡಿತರೊಬ್ಬರು ಓರಿಯಂಟಲ್ ಲೈಬ್ರರಿಗೆ ಕೊಟ್ಟ ಓಲೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿದೆಯೆಂದು ಆರ್. ಶಾಮಶಾಸ್ತ್ರಿಗಳು ಕಂಡುಕೊಂಡದ್ದು 1905ರಲ್ಲಿ, ಅಚ್ಚು ಹಾಕಿಸಿದ್ದು 1909ರಲ್ಲಿ. ಜಗತ್ತೆಲ್ಲ ಅದರಲ್ಲಿ ಗೂಢಚಾರರನ್ನೂ ವಿಷಪ್ರಯೋಗವನ್ನೂ ಹುಡುಕಿತು. ನಗರದ ಉಸ್ತುವಾರಿಯ ಅಧ್ಯಾಯ ತೆರೆದರೆ ಅಲ್ಲಿರುವುದು ಸಾಕ್ಷಾತ್ ನಮ್ಮ ಬೀದಿ. ಬೀದಿಗೆ ಧೂಳುಮಣ್ಣು ಸುರಿದರೆ ಪಣದ ಎಂಟನೇ ಒಂದು ಭಾಗ ದಂಡ. ಕೆಸರುನೀರು ಕಟ್ಟುವಂತೆ ಮಾಡಿದರೆ ಕಾಲು ಪಣ. ರಾಜಮಾರ್ಗದಲ್ಲಾದರೆ ದುಪ್ಪಟ್ಟು. ಮುಂದಿನ ಸಾಲುಗಳಲ್ಲಿ, ಮಲಮೂತ್ರ ಮಾಡಬಾರದ ಕಡೆ ಮಾಡಿದವರ ದಂಡ ಹೇಳುವಾಗ, ಔಷಧಿಯಿಂದ, ಕಾಯಿಲೆಯಿಂದ, ಹೆದರಿಕೆಯಿಂದ ಆಗಿಹೋದರೆ ಬಿಟ್ಟುಬಿಡಿ ಎನ್ನುವಷ್ಟು ದಯಾಳು ಆತ. ಆದರೆ ‘ಮನೆ ಕಟ್ಟಿಸ್ತಾ ಇದ್ದೀನಿ, ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬವರಿಗೆ ಆ ಸಾಲುಗಳಲ್ಲಿ ರಿಯಾಯಿತಿ ಕಾಣೆ.

ನಮ್ಮ ಕಾಲದ ಕಾನೂನೂ ಬಡವಾಗಿಲ್ಲ. 2016ರ ಕಟ್ಟಡ ತ್ಯಾಜ್ಯ ನಿಯಮಗಳ ಪ್ರಕಾರ ಓಡಾಟಕ್ಕಾಗಲಿ ಚರಂಡಿಗಾಗಲಿ ಅಡ್ಡವಾಗುವಂತೆ ಅವಶೇಷ ಸುರಿಯುವ ಹಾಗಿರಲಿಲ್ಲ. ದಿನಕ್ಕೆ 20 ಟನ್ನಿಗಿಂತ, ಇಲ್ಲವೆ ತಿಂಗಳಿಗೆ 300 ಟನ್ನಿಗಿಂತ ಹೆಚ್ಚು ಹೊರಹಾಕುವವರು ಕಾಂಕ್ರೀಟು, ಮಣ್ಣು, ಕಬ್ಬಿಣ-ಮರ-ಪ್ಲಾಸ್ಟಿಕ್ಕು, ಇಟ್ಟಿಗೆ-ಗಾರೆ ಎಂದು ನಾಲ್ಕು ಪಾಲು ಮಾಡಿ ಕೊಡಬೇಕಿತ್ತು. ಅದರ ಬದಲಿಗೆ 2025ರಲ್ಲಿ ಹೊರಡಿಸಿದ, 2026ರ ಏಪ್ರಿಲ್ 1ರಿಂದ ಜಾರಿಯೆಂದ ನಿಯಮಗಳ ಮುಖ್ಯ ಗಮನ 20,000 ಚದರ ಮೀಟರಿಗೆ ಕಡಿಮೆಯಿಲ್ಲದ ಯೋಜನೆಗಳ ಮೇಲೆ. ನಮ್ಮ ಎದುರುಮನೆಯವರು ಇದನ್ನೆಲ್ಲ ಓದಿ ನೆಮ್ಮದಿಯಾಗಿ ನಿದ್ದೆ ಮಾಡಿದರು. ಯಾವ ಅಂಕಿಯ ಬಲೆಗೂ ಮೂವತ್ತು-ನಲವತ್ತು ಸಿಕ್ಕುವುದಿಲ್ಲ, ಬಲೆಯ ಕಣ್ಣು ದೊಡ್ಡದು. ಬೀದಿಗೆ ಸುರಿಯಬಾರದು ಎಂಬ ಮಾತು ಮಾತ್ರ ದೊಡ್ಡವರಿಗೂ ಚಿಕ್ಕವರಿಗೂ ಒಂದೇ, ಅದನ್ನು ಅವರಿಗೆ ಓದಿ ಹೇಳುವವರು ಯಾರು? ಮೊದಲು ಊರಿಗೆಲ್ಲ ಒಂದೇ ಪಾಲಿಕೆ ಇತ್ತು, 2025ರಲ್ಲಿ ಐದಾದವು. ಗಡಿಯಲ್ಲಿರುವ ಬೀದಿಗಳವರು ಅದೃಷ್ಟವಂತರು. ಜಲ್ಲಿರಾಶಿಯ ತಲೆ ಒಂದು ಪಾಲಿಕೆಯಲ್ಲಿ, ಕಾಲು ಇನ್ನೊಂದರಲ್ಲಿ ಚಾಚಿಕೊಂಡಿರಬಹುದು.

ಹಾಗಾದರೆ ಮಾಡುವುದೇನು ಎಂದು ಮೇಸ್ತ್ರಿಯನ್ನೇ ಕೇಳಿದೆ. ಮೇಸ್ತ್ರಿಗಳು ಜಾಣರು, ಅವರಿಗೆ ತಿಳಿಯದ್ದೇನಿದೆ? “ಬಾಳ ಸುಲಭ ಸಾ. ರಾಶಿ ಸುತ್ತ ಒಂದೊರಸೆ ಸಾಲಿಡ್ ಬ್ಲಾಕ್ ಜೋಡಿಸಿದ್ರೆ ಹರಿಯಲ್ಲ. ಮೇಲೊಂದು ಟಾರ್ಪಾಲು. ಕಲಸೋಕೆ ತಗಡು. ಮೋರಿ ಮೇಲೆ ಗಾಡಿ ಹತ್ತೋ ಕಡೆ ಕಬ್ಬಿಣದ ಪ್ಲೇಟು. ಸಂಜೆ ಒಬ್ಬಾಳು ಅರ್ಧ ಗಂಟೆ ಕಸ ಗುಡಿಸಿದ್ರಾಯ್ತು. ಎಲ್ಲ ನಮ್ಮ ಶೆಡ್ಡಲ್ಲೇ ಐತೆ.”

“ಮತ್ತೆ ಮಾಡೋದಿಲ್ಲ ಯಾಕೆ?”

“ರೇಟಲ್ಲಿ ಸೇರಿಸಿದ್ರೆ ಓನರ್ರು ಕಾಟು ಹಾಕ್ತಾರೆ ಸಾ. ಗಜಲಕ್ಷ್ಮಿ ಬಿಡಿ ಅಂದ್ರೆ ಬಿಡಲ್ಲ, ಇದನ್ನ ಬಿಡ್ತಾರೆ.”

ಗೃಹಪ್ರವೇಶಕ್ಕೆ ಬೀದಿಗೆ ಬೀದಿಯನ್ನೇ ಕರೆದಿದ್ದರು. ಬೀದಿಯಲ್ಲೇ ಶಾಮಿಯಾನ, ಎರಡೂ ಕಡೆ ರಸ್ತೆ ಬಂದ್. ಡಾಂಬರಿಗೆ ಗೂಟ ಹೊಡೆದ ನಾಲ್ಕು ತೂತು ಲೆಕ್ಕಕ್ಕಿಲ್ಲ. ಗೇಟಿನಿಂದ ಇಳಿದ ಕಾರಿನ ರ್‍ಯಾಂಪು ಚರಂಡಿಯನ್ನು ನುಂಗಿ ರಸ್ತೆಗೆ ಮೂರಡಿ ನಾಲಗೆ ಚಾಚಿತ್ತು. ಮೇಲೆ ರಂಗೋಲಿ ಬಿಡಿಸಿದ್ದರಿಂದ ಯಾರೂ ಏನೂ ಅನ್ನುವಂತಿರಲಿಲ್ಲ. ಹೋಳಿಗೆ ಚೆನ್ನಾಗಿತ್ತು, ತುಪ್ಪ ಧಾರಾಳ. ವರ್ಷವಿಡೀ ಆ ಜಲ್ಲಿಯ ಮೇಲೆ ಅರ್ಜಿ ಬರೆದು ಬರೆದು ಬೆರಳು ಸವೆಸಿಕೊಂಡ ಪಕ್ಕದ ಮನೆಯ ರಾಯರು ಎಲೆ ಮುಂದೆಯೇ ಮೇಸ್ತ್ರಿಯನ್ನು ಕರೆದು ಮಾತಾಡುತ್ತಿದ್ದರು. ಮಗನಿಗೆ ಮದುವೆ ಗೊತ್ತಾಗಿದೆ, ಮೇಲೊಂದು ಅಂತಸ್ತು ಎಬ್ಬಿಸಬೇಕಂತೆ. ರೇಟು ಕುದುರಿತು. ಮೇಸ್ತ್ರಿ ವಿನಯದಿಂದ ಕೇಳಿದ: “ಮೊದಲನೇ ಲೋಡು ಎಲ್ಲಿ ಹಾಕ್ಸಲಿ ಸಾ?”

ರಾಯರು ಕೈತೊಳೆಯುತ್ತ ಬೀದಿಯನ್ನೊಮ್ಮೆ ಅಳೆದು ನೋಡಿದರು. “ನಮ್ಮ ಗೇಟಿಗೆ ಅಡ್ಡ ಬರದ ಹಾಗೆ, ಸ್ವಲ್ಪ ಆ ಕಡೆ ಹಾಕಿಸಪ್ಪ.”

ಆ ಕಡೆ ಇರುವುದು ನಮ್ಮ ಗೇಟು.