ಗಂಜಿಯೂ ರೆಕಾರ್ಡಾಯಿತು!

2020ರ ಲಾಕ್‌ಡೌನಿನಲ್ಲಿ ಬಂಟ್ವಾಳದ ನಮ್ಮ ಮನೆಯ ಚಾವಡಿಯೇ ಕ್ಲಾಸ್‌ರೂಮು. ಪಾಠ ರೆಕಾರ್ಡ್ ಮಾಡಲು, ಪುಕ್ಕಟೆ ಸಿಗುತ್ತದೆಂದು ಒಬಿಎಸ್ ಸ್ಟುಡಿಯೋ ಎಂಬ ತಂತ್ರಾಂಶ ಹಾಕಿಕೊಂಡೆ. ತೆರೆದರೆ ಅಮಾವಾಸ್ಯೆಯ ಕತ್ತಲು! ‘ಸೋರ್ಸಸ್’ನಲ್ಲಿ ಪರದೆ, ಕ್ಯಾಮೆರಾಗಳನ್ನು ನಾವೇ ಸೇರಿಸಬೇಕೆಂದು ತಿಳಿಯುವಷ್ಟರಲ್ಲಿ ಸಂಜೆಯಾಗಿತ್ತು.

ಮೊದಲ ಪಾಠದಲ್ಲಿ ಮೂಡುಬಿದಿರೆಯ 1430ರ ಸಾವಿರ ಕಂಬದ ಬಸದಿಯನ್ನು ಮುಕ್ಕಾಲು ಗಂಟೆ ಕಂಬ ಕಂಬವಾಗಿ ಬಣ್ಣಿಸಿದೆ. ವಿಡಿಯೋ ನೋಡಿ ಅದೇ ಊರಿನ ಶಿಷ್ಯ ಫೋನ್ ಮಾಡಿದ: “ಸರ್, ನಿಮ್ಮ ಬಾಯಿ ಆಡ್ತಾ ಉಂಟು, ಸ್ವರ ಇಲ್ಲ.” ಒಬಿಎಸ್‌ನ ಆಡಿಯೋ ಮಿಕ್ಸರಿನಲ್ಲಿ ಮೈಕ್ ಮ್ಯೂಟ್!

ಎರಡನೇ ಸಲ ಸ್ವರ ಬಂತು. ಜೊತೆಗೆ ಹಂಚಿನ ಮೇಲಿನ ಮಳೆ, ಅಮ್ಮನ “ಗಂಜಿಗೆ ಬಾ” ಎಂಬ ಕೂಗು. ಬೆಳ್ತಂಗಡಿಯ ಶಿಷ್ಯೆ ನೆಟ್‌ವರ್ಕಿಗಾಗಿ ಗುಡ್ಡ ಹತ್ತಿ ಕೇಳಿ ಹೇಳಿದಳು: “ಪಾಠಕ್ಕಿಂತ ಗಂಜಿಯೇ ಸ್ಪಷ್ಟ ಸರ್.”

ಹೊಸಬರಿಗೆ ನನ್ನದೊಂದೇ ಕಿವಿಮಾತು: ಮೊದಲು ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ, ಆಮೇಲೆ ಪಾಠ. ಗಂಜಿ ಅದಕ್ಕೂ ಮೊದಲು.