ನಾಲ್ಕೂವರೆ ರಾಯರು

ಪ್ರತಿ ಬಡಾವಣೆಯಲ್ಲೂ ಒಬ್ಬ ನಾಲ್ಕೂವರೆ ರಾಯರು ಇದ್ದೇ ಇರುತ್ತಾರೆ. ರಾಯರು ಎಂದದ್ದು ಬಾಯಿಗೆ ಸಲೀಸು ಎಂದಷ್ಟೆ; ಗೌಡರಲ್ಲೂ ಪಾಟೀಲರಲ್ಲೂ ಶೆಟ್ಟರಲ್ಲೂ ಈ ತಳಿಗೆ ಬರವಿಲ್ಲ. ವಯಸ್ಸು ನಲವತ್ತೈದು ದಾಟಿರುತ್ತದೆ, ಶುಗರ್ ಬಾರ್ಡರ್‌ನಲ್ಲಿದೆ ಎಂದು ಡಾಕ್ಟರು ಹೇಳಿರುತ್ತಾರೆ, ಮನೆ ಸಾಲದ ಕಂತು ಮುಗಿಯುತ್ತ ಬಂದಿರುತ್ತದೆ, ಇನ್ನು ಆತ್ಮದ ಕಡೆಗೂ ಒಂದಿಷ್ಟು ನೋಡಬೇಕು ಅನ್ನಿಸಿರುತ್ತದೆ. ನೀವು ತಲೆನೋವು ಎಂದರೆ ಅವರ ಮೊದಲ ಪ್ರಶ್ನೆ, "ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಿ?" ಮಗನಿಗೆ ಹೆಣ್ಣು ಸಿಗುತ್ತಿಲ್ಲ ಎಂದರೂ ಅದೇ ಪ್ರಶ್ನೆ. ಆರಕ್ಕೆ ಎಂದಿರೋ, "ಅಲ್ಲೇ ಇರೋದು ನೋಡಿ ಸಮಸ್ಯೆ" ಎಂದು ಕರುಣೆಯಿಂದ ತಲೆಯಾಡಿಸುತ್ತಾರೆ. ಇಂಥವರನ್ನು ಡಾಂಭಿಕರೆಂದೋ, ಒಳಗೊಳಗೇ ಸೋಮಾರಿಗಳೆಂದೋ ತಳ್ಳಿಹಾಕುವುದು ವಾಡಿಕೆ. ಎರಡೂ ಅನ್ಯಾಯ. ರಾಯರ ಆಸೆ ನಿಜವಾದದ್ದು, ಶ್ರದ್ಧೆಯೂ ನಿಜವಾದದ್ದು. ತಪ್ಪಿರುವುದು ಲೆಕ್ಕ. ಜನವರಿ ಒಂದಕ್ಕೆ, ಯುಗಾದಿಗೆ, ಯೋಗ ದಿನಕ್ಕೆ, ವಿಜಯದಶಮಿಗೆ ಎಂದು ವರ್ಷಕ್ಕೆ ನಾಲ್ಕು ಸಲ ಶುರುವಾಗಿ ನಾಲ್ಕು ಸಲವೂ ನಿಂತುಹೋಗುವ ಅವರ ಪ್ರಾತಃಕ್ರಮವನ್ನು ಹತ್ತಿರದಿಂದ ನೋಡಿದರೆ ಆ ಲೆಕ್ಕ ತಪ್ಪಿದ ಜಾಗ ಕಾಣುತ್ತದೆ.

ಕ್ರಮದ ಪಟ್ಟಿ ಫ್ರಿಜ್ಜಿನ ಬಾಗಿಲ ಮೇಲೆ, ತಿರುಪತಿಯಿಂದ ತಂದ ಆಯಸ್ಕಾಂತದ ತಿಮ್ಮಪ್ಪನ ಕೆಳಗೆ ನೇತಾಡುತ್ತಿರುತ್ತದೆ. ನಾಲ್ಕೂವರೆಗೆ ಏಳುವುದು, ತಾಮ್ರದ ಚೊಂಬಿನ ನೀರು, ಎಳ್ಳೆಣ್ಣೆಯಲ್ಲಿ ಬಾಯಿ ಮುಕ್ಕಳಿಸುವುದು, ಪ್ರಾಣಾಯಾಮ, ಧ್ಯಾನ, ಸೂರ್ಯನಮಸ್ಕಾರ, ಕೃತಜ್ಞತೆಯ ಡೈರಿ, ಹತ್ತು ಪುಟ ಓದು, ಪಾರ್ಕಿನಲ್ಲಿ ನಡಿಗೆ, ಬೂದುಗುಂಬಳದ ರಸ. ಹಿಂದಿನ ರಾತ್ರಿಯೇ ಆ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕಿಡುವವರು, ಬೂದುಗುಂಬಳದ ಸಿಪ್ಪೆ ಹೆರೆದು ಹೋಳು ಮಾಡಿ ಡಬ್ಬಿಗೆ ತುಂಬುವವರು ಅವರ ಹೆಂಡತಿ. ಪಟ್ಟಿಯಲ್ಲಿ ಆ ಬಾಬತ್ತು ಇಲ್ಲ. ಅಲಾರಂ ದೇವಸ್ಥಾನದ ಗಂಟೆಯ ಸದ್ದಿನದು. ಅದಕ್ಕೆ ಮೊದಲು ಏಳುವವರು ಹೆಂಡತಿ, ಆಮೇಲೆ ಪಕ್ಕದ ಕೋಣೆಯ ಅಮ್ಮ, ಆಮೇಲೆ ಮೇಲಿನ ಮನೆಯ ನಾಯಿ. ರಾಯರದು ನಾಲ್ಕನೆಯ ಸರದಿ. ಎದ್ದವರು ಚೊಂಬಿಗಿಂತ ಮುಂಚೆ ಮೊಬೈಲ್ ಹಿಡಿದು ಬಂಧುಬಳಗದ ಗುಂಪಿಗೆ ಕಮಲ, ಸೂರ್ಯ, ಶುಭೋದಯ ಕಳಿಸುತ್ತಾರೆ. ಸೂರ್ಯ ಬರಲು ಇನ್ನೂ ಒಂದೂವರೆ ಗಂಟೆ ಇದೆ. ಕಮಲದ ಕೆಳಗೊಂದು ಸುಭಾಷಿತವಿದ್ದರೂ ನೆಂಟರು ಗಮನಿಸಬೇಕಾದ್ದು ಮೂಲೆಯಲ್ಲಿ ಮೂಡುವ 4:38 ಎಂಬ ಅಂಕಿಯನ್ನು. ರಸ ಕೊನೆಗೆ ಕುಡಿಯುವುದಾದರೂ ಮೊದಲೇ ಮಾಡಿಟ್ಟರೆ ಮನಸ್ಸು ನಿರಾಳ ಎಂದು ಐದಕ್ಕೆ ಹತ್ತು ನಿಮಿಷವಿರುವಾಗ ಮಿಕ್ಸಿ ತಿರುಗುತ್ತದೆ, ಮೂರು ಮಹಡಿಯವರಿಗೆ ಏಕಕಾಲಕ್ಕೆ ವೈರಾಗ್ಯ ಹುಟ್ಟುತ್ತದೆ. ಆಮೇಲೆ ಧ್ಯಾನ. ಕೈಗೆ ಕಟ್ಟಿದ ವಾಚು ರಾಯರ ನಾಡಿ ಎಣಿಸುತ್ತಿರುತ್ತದೆ, ರಾಯರು ವಾಚು ನೋಡುತ್ತಿರುತ್ತಾರೆ.

ಈ ಪಟ್ಟಿ ಇಷ್ಟುದ್ದ ಬೆಳೆದದ್ದಕ್ಕೆ ಕಾರಣ ರಾಯರು ಯಾರ ಮನಸ್ಸನ್ನೂ ನೋಯಿಸದಿರುವುದು. ಹಾಲ್ ಎಲ್‌ರಾಡ್ 2012ರ 'ದಿ ಮಿರಾಕಲ್ ಮಾರ್ನಿಂಗ್' ಪುಸ್ತಕದಲ್ಲಿ ಆರು ಅಭ್ಯಾಸ ಹೇಳಿದರು, ಆರನ್ನೂ ಸೇರಿಸಿಕೊಂಡರು. ರಾಬಿನ್ ಶರ್ಮಾ 2018ರ 'ದಿ ಫೈವ್ ಎಎಂ ಕ್ಲಬ್'ನಲ್ಲಿ ಇಪ್ಪತ್ತಿಪ್ಪತ್ತು ನಿಮಿಷದ ಮೂರು ಭಾಗ ಮಾಡಿದರು, ಅದನ್ನೂ ಸೇರಿಸಿಕೊಂಡರು. ಮೇಲಿಂದ ಬ್ರಾಹ್ಮೀ ಮುಹೂರ್ತ. ಮುಹೂರ್ತವೆಂದರೆ 48 ನಿಮಿಷ. ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಮೊದಲು ಮುಗಿಯುವ ಹೊತ್ತು ಅದು. ಬೆಂಗಳೂರಿನಲ್ಲಿ ಜೂನ್ ಆರಂಭಕ್ಕೆ ಸೂರ್ಯ ಆರಕ್ಕೆ ಮೊದಲೇ ಬರುತ್ತಾನೆ, ಜನವರಿ ಕೊನೆಗೆ ಆರೂಮುಕ್ಕಾಲು ಮಾಡುತ್ತಾನೆ. ಅಂದರೆ ಮುಹೂರ್ತ ಬೇಸಿಗೆಯ ಕೊನೆಗೆ ನಾಲ್ಕೂಕಾಲರ ಸುಮಾರಿಗೆ, ಚಳಿಯಲ್ಲಿ ಐದು ದಾಟಿದ ಮೇಲೆ. ರಾಯರ ಅಲಾರಂ ಮಾತ್ರ ವರ್ಷವಿಡೀ ನಾಲ್ಕೂವರೆ. ಹೊಸ ವರ್ಷದ ಸಂಕಲ್ಪದಲ್ಲಿ ಅವರು ಶಾಸ್ತ್ರ ಕೇಳಿದ್ದಕ್ಕಿಂತ ಅರ್ಧ ಗಂಟೆಗೂ ಹೆಚ್ಚು ಬಡ್ಡಿ ಸೇರಿಸಿ, ಅದೂ ವರ್ಷದ ಅತಿ ಚಳಿಯ ದಿನಗಳಲ್ಲಿ, ಹಾಸಿಗೆ ಬಿಡುತ್ತಾರೆ. ವಾಗ್ಭಟನ ಅಷ್ಟಾಂಗ ಹೃದಯದಲ್ಲಿ ದಿನಚರಿಯ ಅಧ್ಯಾಯ ಈ ಹೊತ್ತಿಗೆ ಏಳು ಎಂದೇ ಶುರುವಾಗುತ್ತದೆ, ನಿಜ. ಆದರೆ ಆ ಮಾತು ಆರೋಗ್ಯವಂತನಿಗೆ. ಅವನ ಹೆಸರಿನದೇ ಆದ ಅಷ್ಟಾಂಗ ಸಂಗ್ರಹ, ರಾತ್ರಿ ಉಂಡದ್ದು ಅರಗಿದೆಯೋ ಇಲ್ಲವೋ ವಿಚಾರಿಸಿಕೊಂಡು ಏಳು ಎನ್ನುತ್ತದೆ. ವ್ಯಾಯಾಮವೂ ಶಕ್ತಿಯ ಅರ್ಧದಷ್ಟು ಸಾಕು ಎಂಬುದು ಅಲ್ಲಿನ ಕಟ್ಟಳೆ. ರಾಯರು ಹಿಂದಿನ ರಾತ್ರಿ ಆರತಕ್ಷತೆಯಲ್ಲಿ ಮೂರು ಹೋಳಿಗೆ ಹೊಡೆದಿರುತ್ತಾರೆ, ಬೇಗ ಏಳುವುದು ಹೇಗೆ ಎಂಬ ವೀಡಿಯೊ ನೋಡುತ್ತ ಹನ್ನೊಂದೂವರೆಗೆ ಮಲಗಿರುತ್ತಾರೆ, ಅಷ್ಟಾಂಗ ಹೃದಯದಲ್ಲಿ ಮೊದಲ ಸಾಲು ಮಾತ್ರ ಓದಿರುತ್ತಾರೆ. ಗ್ರೀಷ್ಮದಲ್ಲಿ ಹಗಲು ನಿದ್ದೆ ಮಾಡಬಹುದು ಎಂಬ ಇನ್ನೊಂದು ಸಾಲೂ ಅವರಿಗೆ ಬಾಯಿಪಾಠ. ಆಫೀಸಿನಲ್ಲಿ ಮಧ್ಯಾಹ್ನ ಮೂರರ ಮೀಟಿಂಗಿಗೆ ಅವರ ಪಾಲಿಗೆ ವರ್ಷವಿಡೀ ಗ್ರೀಷ್ಮ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ನಾಡಿನ ಆಚರಣೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ನಿಯಮ ಎದ್ದು ಕಾಣುತ್ತದೆ: ಕಷ್ಟವಾದದ್ದಕ್ಕೆ ಕೊನೆಯ ದಿನ ಇರುತ್ತದೆ, ಕೊನೆಯ ದಿನ ಇಲ್ಲದ್ದು ಹಗುರವಾಗಿರುತ್ತದೆ. ಧನುರ್ಮಾಸದಲ್ಲಿ ಕತ್ತಲಿರುವಾಗಲೇ ಮಿಂದು ದೇವಸ್ಥಾನಕ್ಕೆ ಹೋಗುವುದು ಕಷ್ಟ. ಮಕರ ಸಂಕ್ರಮಣಕ್ಕೆ ಅದು ಮುಗಿಯುತ್ತದೆ, ಅಲ್ಲಿಯವರೆಗೆ ಬಿಸಿ ಹುಗ್ಗಿಯ ಆಸರೆಯೂ ಉಂಟು. ಕಾವೇರಿಯಲ್ಲಿ ಮುಂಜಾನೆ ತುಲಾಸ್ನಾನ ಒಂದು ತಿಂಗಳು. ಅಯ್ಯಪ್ಪನ ಮಾಲೆ ಹಾಕಿ ತಣ್ಣೀರು ಸುರಿದುಕೊಳ್ಳುವ ಮಂಡಲ ವ್ರತ 41 ದಿನ. ರಂಜಾನಿನಲ್ಲಿ ಸಹರಿಗಾಗಿ ಬೆಳಗಾಗುವ ಮುನ್ನ ಇಡೀ ಮನೆ ಎದ್ದು ಕೂರುವುದೂ ಚಂದ್ರ ಕಾಣುವವರೆಗೆ. ಬದುಕಿಡೀ ನಡೆಯಬೇಕಾದವುಗಳ ಅಳತೆಯೇ ಬೇರೆ. ಫಜ್ರ್ ನಮಾಜಿನಲ್ಲಿ ಕಡ್ಡಾಯದ ರಕಾತ್ ಎರಡೇ. ಐದು ಹೊತ್ತಿನಲ್ಲಿ ಅದೇ ಅತಿ ಚಿಕ್ಕದು. ಸಂಧ್ಯಾವಂದನೆಯಲ್ಲಿ ಗಾಯತ್ರಿಗೆ ನೂರೆಂಟು ಆಗದಿದ್ದರೆ ಇಪ್ಪತ್ತೆಂಟು, ಅದೂ ಆಗದಿದ್ದರೆ ಹತ್ತು ಎಂದು ಇಳಿಜಾರು ಕಟ್ಟಿಟ್ಟಿದ್ದಾರೆ. ಇಷ್ಟಲಿಂಗಪೂಜೆಗೆ ಬೇಕಾದ ಸ್ಥಳ ಒಂದು ಅಂಗೈ. ರಾಯರು ಮಾಡಿದ ಎಡವಟ್ಟು ಇದು: ವ್ರತದ ಭಾರವನ್ನೂ ನಿತ್ಯಕರ್ಮದ ಅವಧಿಯನ್ನೂ ಒಟ್ಟಿಗೆ ತೆಗೆದುಕೊಂಡರು. ಕಂತು ದೊಡ್ಡದು, ತೀರುವ ತಾರೀಖಿಲ್ಲ. ಇಂಥ ಸಾಲಕ್ಕೆ ಅವರು ಬ್ಯಾಂಕಿನಲ್ಲಾದರೆ ಜನ್ಮದಲ್ಲಿ ಸಹಿ ಹಾಕುತ್ತಿರಲಿಲ್ಲ.

ಹಳಬರ ಈ ಅಂದಾಜಿಗೆ ಹೊಸಬರ ಅಧ್ಯಯನವೂ ಹತ್ತಿರ ಬರುತ್ತದೆ. ಇಪ್ಪತ್ತೊಂದು ದಿನ ಮಾಡಿದರೆ ಏನು ಬೇಕಾದರೂ ಅಭ್ಯಾಸವಾಗುತ್ತದೆ ಎಂದು ರಾಯರು ಹೇಳುತ್ತಿರುತ್ತಾರಲ್ಲ, ಅದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಿಂದ ಹಬ್ಬಿದ ಮಾತು. ಶಸ್ತ್ರಚಿಕಿತ್ಸೆ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕು ಎಂದು ಅವರು ಗಮನಿಸಿದ್ದರು. ಬೂದುಗುಂಬಳದ ವಿಷಯ ಅಲ್ಲಿರಲಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ ಲೆಕ್ಕ ಹಾಕಿದಾಗ, ಒಂದು ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕೆಂದು ಕಂಡಿತು. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕು. ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಕೂಡಿಬಂತು, ವ್ಯಾಯಾಮದಂಥದ್ದು ತಡವಾಯಿತು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. ಈ ಕೊನೆಯ ಮಾತು ರಾಯರ ಕಿವಿಗೆ ಬೀಳಬೇಕು. ಏಕೆಂದರೆ ಅವರ ಕ್ರಮ ನಿಲ್ಲುವುದು ಆಲಸ್ಯದಿಂದಲ್ಲ, ಶುದ್ಧಿಯ ಹಟದಿಂದ. ಸಂಬಂಧಿಕರ ಮದುವೆಗೆ ಧಾರವಾಡಕ್ಕೆ ಹೋಗಿ ಒಂದು ಬೆಳಗು ತಪ್ಪಿತೆಂದರೆ ಇಡೀ ಸರಣಿ ಮೈಲಿಗೆಯಾಯಿತು; ಸೋಮವಾರದಿಂದ ಹೊಸದಾಗಿ ಶುರು ಎನ್ನುತ್ತಾರೆ, ಸೋಮವಾರ ಬಂದರೆ ತಿಂಗಳ ಒಂದರಿಂದ ಎನ್ನುತ್ತಾರೆ. ಕತ್ತಲಿರುವಾಗಲೇ ಚಾಪೆ ಹಾಸುವ ಶಿಸ್ತಿಗೆ ಹೆಸರಾದ ಮೈಸೂರಿನ ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಪರಂಪರೆಯೇ ಅಮಾವಾಸ್ಯೆ, ಹುಣ್ಣಿಮೆಗೆ ರಜೆ ಕೊಡುತ್ತದೆ, ವಾರಕ್ಕೊಂದು ಬಿಡುವನ್ನೂ ಕೊಡುತ್ತದೆ. ಅಲ್ಲಿಗೆ ಸಮುದ್ರ ದಾಟಿ ಬರುವ ಶಿಷ್ಯರಿಗೆ ಸಿಗುವ ರಿಯಾಯಿತಿಯನ್ನು ರಾಯರು ತಮಗೆ ತಾವು ಕೊಟ್ಟುಕೊಳ್ಳುವುದಿಲ್ಲ.

ಇದಕ್ಕೆ ಆಕ್ಷೇಪಗಳಿವೆ. ಕೆ.ಆರ್. ಮಾರ್ಕೆಟ್ಟಿನ ಹೂವಿನವರು, ಪೇಪರ್ ಹಾಕುವ ಹುಡುಗರು, ನಂದಿನಿ ಬೂತಿನವರು ದಿನಾಲೂ ಆ ಹೊತ್ತಿಗೆ ಏಳುವುದಿಲ್ಲವೆ, ಅವರಿಗೆ ಯಾವ ಕೊನೆಯ ದಿನ ಎಂದು ಕೇಳಬಹುದು. ಏಳುತ್ತಾರೆ, ಆದರೆ ಅವರನ್ನು ಎಬ್ಬಿಸುವುದು ಸಂಕಲ್ಪವಲ್ಲ, ಸಂಪಾದನೆ. ಹೂವು ಎಂಟು ಗಂಟೆಯವರೆಗೆ ಕಾಯುವುದಿಲ್ಲ. ಎದ್ದು ಕೃತಜ್ಞತೆಯ ಡೈರಿ ಬರೆಯಿರಿ ಎಂದು ಅವರಿಗೆ ಯಾರೂ ಹೇಳುವುದಿಲ್ಲ, ಹೇಳಿದರೆ ಹೂವಿನ ಭಾಷೆಯಲ್ಲಿ ಉತ್ತರವೂ ಬರುವುದಿಲ್ಲ. ಹಾಗಾದರೆ ರಾಯರ ಮನೆಯಲ್ಲೇ, ಅದೇ ಬಾಗಿಲಲ್ಲಿ, ನೀರು ಚಿಮುಕಿಸಿ ರಂಗೋಲಿಯ ನಾಲ್ಕು ಎಳೆ ಎಳೆದು ದೀಪ ಹಚ್ಚುವ ಹೆಂಡತಿಯ ಕ್ರಮ ಮೂವತ್ತು ವರ್ಷ ನಡೆದಿದೆಯಲ್ಲ ಎಂದು ಕೇಳಬಹುದು. ಅದು ನಮ್ಮ ನಿಯಮಕ್ಕೆ ಸಾಕ್ಷಿಯೇ: ಹತ್ತು ನಿಮಿಷದ ಕೆಲಸ, ಬಾಗಿಲು ತೆಗೆಯುವುದೇ ಅದಕ್ಕೆ ಅಲಾರಂ, ಹಬ್ಬದ ದಿನ ದೊಡ್ಡದು, ಮೈ ಸರಿಯಿಲ್ಲದ ದಿನ ಒಂದು ನಕ್ಷತ್ರ. ಅದನ್ನು ಆಕೆ ಆರಿಸಿಕೊಂಡದ್ದೋ ಆಕೆಗೆ ಅಂಟಿಸಿದ್ದೋ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಾಗಾಗಿ ಅದನ್ನು ಹಾಡಿ ಹೊಗಳುವ ಬದಲು ಅದರ ಅಳತೆಯನ್ನಷ್ಟೇ ಎರವಲು ಪಡೆಯುವುದು ಮರ್ಯಾದೆ. ಕೊನೆಯ ಆಕ್ಷೇಪ, ಏನೋ ಒಳ್ಳೆಯದು ಮಾಡಲು ಹೊರಟವರನ್ನು ನಕ್ಕು ನಿರುತ್ಸಾಹಗೊಳಿಸಬಾರದು ಎಂಬುದು. ಒಪ್ಪತಕ್ಕದ್ದೇ. ಆದರೆ ವರ್ಷಕ್ಕೆ ನಾಲ್ಕು ಸಲ ಸೋಲುವವರಿಗೆ ನಮ್ಮ ನಗುವಿಗಿಂತ ಅವರ ಪಟ್ಟಿಯೇ ಹೆಚ್ಚು ನಿರುತ್ಸಾಹ ತರುತ್ತದೆ. ನನ್ನ ಕೈಲಿ ಆಗುವುದಿಲ್ಲ ಎಂದು ಅವರು ಒಳಗೇ ಅಂದುಕೊಳ್ಳುತ್ತಾರೆ; ಆಗದಂತೆ ಪಟ್ಟಿ ಮಾಡಿದ್ದು ತಾವೇ ಎಂಬುದು ಹೊಳೆಯುವುದಿಲ್ಲ.

ಹಾಗಾಗಿ ಪರಿಹಾರ ಪಟ್ಟಿಯನ್ನು ಎರಡಾಗಿ ಸೀಳುವುದು. ನಿತ್ಯಕ್ಕೆ ಹತ್ತು ನಿಮಿಷ ಸಾಕು: ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಸುಮ್ಮನೆ ಕೂತು ಉಸಿರು ಗಮನಿಸಬಹುದು, ಇಷ್ಟದೇವರ ಹೆಸರು ಹೇಳಬಹುದು, ದೇವರು ಬೇಡದವರು ಬೀದಿ ನೋಡಬಹುದು. ಡಿಕಾಕ್ಷನ್ ಯಾವ ಮನೆಯಲ್ಲೂ ತಪ್ಪುವುದಿಲ್ಲವಾದ್ದರಿಂದ ಕೂರುವುದೂ ತಪ್ಪುವುದಿಲ್ಲ. ಏಳು ಗಂಟೆ ನಿದ್ದೆ ಆದ ಮೇಲೆ ಎದ್ದರಾಯಿತು, ಅದು ಐದಾಗಲಿ ಆರಾಗಲಿ. ಬ್ರಾಹ್ಮೀ ಮುಹೂರ್ತ, ನೂರೆಂಟು ನಮಸ್ಕಾರ, ಬೂದುಗುಂಬಳ ಇವೆಲ್ಲ ವರ್ಷಕ್ಕೊಂದು ತಿಂಗಳ ವ್ರತವಾಗಲಿ, ಮುಗಿದ ದಿನ ಪಾಯಸ ಮಾಡಿ ಉಣ್ಣಲಿ, ಚೊಂಬನ್ನು ಆ ತಿಂಗಳಾದರೂ ಅವರೇ ತಿಕ್ಕಲಿ. ರಾಯರು ಇದನ್ನೆಲ್ಲ ಸಮಾಧಾನದಿಂದ ಕೇಳುತ್ತಾರೆ, ತರ್ಕ ಸರಿ ಎಂದೂ ಒಪ್ಪುತ್ತಾರೆ. ಅವರ ತಕರಾರು ಒಂದೇ, ಅದಕ್ಕೆ ವಾಗ್ಭಟನಲ್ಲೂ ಲಂಡನ್ನಿನಲ್ಲೂ ಉತ್ತರವಿಲ್ಲ: ಹತ್ತು ನಿಮಿಷದ ಸಾಧನೆಯನ್ನು ಊರಿಗೆಲ್ಲ ಹೇಳಿ ಮುಗಿಸಲು ಎರಡು ನಿಮಿಷ ಸಾಕು, ಪಾರ್ಕಿನಲ್ಲಿ ಉಳಿದ ಐದು ಸುತ್ತು ಏನು ಮಾತಾಡುವುದು?